ಗೋಡೆಯ ಮೇಲೊಂದು ಹಳದಿ ಬೀಸಣಿಗೆ

ಮನೆಯ ಅಂದ: ಓದುಗರ ಪ್ರಶ್ನೆ, ನನ್ನ ಉತ್ತರ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ನನ್ನ ಓದುವ ಮೇಜಿನ ಮೇಲಿರುವ ಪುಟ್ಟ ಫ್ರೇಮಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರೊಳಗೆ ಇರುವುದು ಚೀನಾ, ಜಪಾನಿನ ಕಡೆ ಕಾಣುವ ಗಿಂಕ್ಗೊ ಎಂಬ ಮರದ, ಬೀಸಣಿಗೆಯಂಥ ಒಂದೇ ಒಂದು ಹಳದಿ ಎಲೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಎಲೆಯ ಬಗ್ಗೆಯೇ. ಕೆಲವರು ಫೋಟೊ ಕಳಿಸಿ 'ಇದು ಅದೇನಾ?' ಎಂದು ಕೇಳಿದ್ದಾರೆ. ಹಾಗಾಗಿ ಈ ಸಲದ ಜಾಗವೆಲ್ಲ ಗಿಂಕ್ಗೊಗೆ ಮೀಸಲು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾವು ಹೊಸ ಮನೆಗೆ ಹೋಗುತ್ತಿದ್ದೇವೆ. ಹಾಲ್‌ನ ನಾಲ್ಕೂ ಗೋಡೆಗಳಿಗೆ ಗಿಂಕ್ಗೊ ಎಲೆಯ ವಾಲ್‌ಪೇಪರ್ ಹಾಕಿಸಬೇಕೆಂದು ನನಗೆ ಆಸೆ. ನಮ್ಮ ಮನೆಯವರು 'ಜಾಸ್ತಿ ಆಯ್ತು' ಅನ್ನುತ್ತಾರೆ. ಅಂಗಡಿಯವರು ಐದಾರು ಡಿಸೈನ್ ತೋರಿಸಿದ್ದಾರೆ. ನೋಡಿ ನೋಡಿ ತಲೆ ಕೆಟ್ಟಿದೆ. ಹೇಗೆ ಆರಿಸಲಿ?

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಮನೆಯವರ ಪಕ್ಷ. ಒಂದು ಗೋಡೆ ಸಾಕು. ಗಿಂಕ್ಗೊ ಎಲೆಯ ಅಂಚು ಅಲೆಅಲೆಯಾಗಿರುತ್ತದೆ, ನಡುವೆ ಸೀಳು ಬೇರೆ ಇರುತ್ತದೆ. ಅಂಥ ನೂರಾರು ಎಲೆಗಳು ನಾಲ್ಕೂ ಕಡೆಯಿಂದ ನೋಡುತ್ತಿದ್ದರೆ ಕಣ್ಣಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ನೀವು ಸಂಜೆ ಕೂತಾಗ ಎದುರಿಗೆ ಕಾಣುವ ಗೋಡೆ ಯಾವುದೋ ಅದಕ್ಕೆ ಹಾಕಿಸಿ. ಉಳಿದ ಮೂರು ಗೋಡೆಗಳಿಗೆ ಆ ಪೇಪರಿನ ಹಿನ್ನೆಲೆಯ ಬಣ್ಣವನ್ನೇ ಸ್ವಲ್ಪ ತಿಳಿ ಮಾಡಿ ಬಳಿಸಿ. ಟೀವಿ ಇರುವ ಗೋಡೆ ಮಾತ್ರ ಬೇಡ.

ಇನ್ನು ಆರಿಸುವ ಮಾತು. ಇದಕ್ಕೆ ಜಾಸ್ತಿ ಜಾಗ ತಗೊಳ್ಳುತ್ತೇನೆ, ಯಾಕೆಂದರೆ ವಾಲ್‌ಪೇಪರ್, ದಿಂಬಿನ ಕವರ್, ದೀಪ, ತಟ್ಟೆ ಎಲ್ಲಕ್ಕೂ ಇದೇ ಉತ್ತರ. ಮೊದಲು ಎಲೆಯ ನರ ನೋಡಿ. ನಮಗೆ ಗೊತ್ತಿರುವ ಬಹಳಷ್ಟು ಎಲೆಗಳಲ್ಲಿ ನಟ್ಟನಡುವೆ ಒಂದು ದಪ್ಪ ನರ ಇರುತ್ತದೆ, ಅದರ ಎಡಕ್ಕೂ ಬಲಕ್ಕೂ ಸಣ್ಣ ನರಗಳು ಹೊರಡುತ್ತವೆ. ಗಿಂಕ್ಗೊದಲ್ಲಿ ಆ ನಡುನರವೇ ಇಲ್ಲ. ತೊಟ್ಟಿನಿಂದ ಎರಡು ನರಗಳು ಎಲೆಯೊಳಗೆ ಬರುತ್ತವೆ. ಒಂದೊಂದೂ ಎರಡಾಗಿ ಕವಲೊಡೆಯುತ್ತದೆ, ಆ ಎರಡು ಮತ್ತೆ ಎರಡೆರಡಾಗುತ್ತವೆ. ಹೀಗೆ ಅಂಚಿನ ತನಕ. ಅಡ್ಡಡ್ಡ ಬಲೆ ಹೆಣೆದುಕೊಳ್ಳುವುದಿಲ್ಲ. ಮಡಿಕೆ ಬಿಚ್ಚಿದ ಬೀಸಣಿಗೆಯ ಹಾಗೆ ಕಾಣುವುದು ಈ ಕಾರಣಕ್ಕೇ.

ಅಂಗಡಿಯಲ್ಲಿ ಸಿಗುವ ಎಷ್ಟೋ ಡಿಸೈನ್‌ಗಳಲ್ಲಿ ಬೀಸಣಿಗೆಯ ಆಕಾರ ಮಾತ್ರ ಇರುತ್ತದೆ, ನಡುವೆ ಒಂದು ದಪ್ಪ ಗೆರೆ ಎಳೆದಿರುತ್ತಾರೆ. ಅದನ್ನು ಬರೆದವರು ನಿಜವಾದ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿಲ್ಲ ಎಂದೇ ಅರ್ಥ. ನಾನೊಮ್ಮೆ ಫೋಟೊ ನೋಡಿ ಒಂದು ದೀಪ ತರಿಸಿದ್ದೆ. ಬಿಚ್ಚಿ ನೋಡಿದರೆ ಎಲ್ಲ ಎಲೆಗೂ ನಡುಗೆರೆ. ಎರಡು ದಿನ ಇಟ್ಟುಕೊಂಡು ನೋಡಿದೆ, ಮನಸ್ಸು ಒಪ್ಪಲಿಲ್ಲ, ವಾಪಸ್ ಮಾಡಿದೆ. ಅಂಥದ್ದನ್ನು ದಿನಾ ನೋಡುತ್ತಾ ಕೂರಬೇಕಾದವರು ನಾವು ಅಲ್ವಾ?

ಎರಡನೆಯದು, ಎಲ್ಲ ಎಲೆಗಳೂ ಒಂದೇ ಅಚ್ಚಿನವಾ ಎಂದು ನೋಡಿ. ಮರದಲ್ಲಿ ಹಾಗಿರುವುದಿಲ್ಲ. ಹೊಸದಾಗಿ ಉದ್ದಕ್ಕೆ ಚಿಗುರುವ ರೆಂಬೆಯ ಎಲೆಗಳಲ್ಲಿ ನಡುವಿನ ಸೀಳು ಆಳವಾಗಿರುತ್ತದೆ. ಹಳೆಯ ಕೊಂಬೆಗಳ ಮೇಲೆ ಗಂಟಿನಂಥ ಗಿಡ್ಡ ಕುಡಿಗಳಿರುತ್ತವೆ. ಅವುಗಳ ತುದಿಯಲ್ಲಿ ಎಲೆಗಳು ಗೊಂಚಲಾಗಿ ಬರುತ್ತವೆ, ಅವುಗಳಲ್ಲಿ ಸೀಳು ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಒಳ್ಳೆಯ ಚಿತ್ರದಲ್ಲಿ ಎರಡೂ ಬಗೆ ಬೆರೆತಿರುತ್ತವೆ. ಕೊಂಬೆ ಸಮೇತ ಇರುವ ಡಿಸೈನ್ ಆದರೆ ಎಲೆಗಳು ಗೊಂಚಲಲ್ಲಿ ಇವೆಯಾ ನೋಡಿ. ಬೇವಿನ ಎಲೆಯಂತೆ ಕಡ್ಡಿಯ ಎರಡೂ ಬದಿಗೆ ಜೋಡಿಸಿದ್ದರೆ ಅದು ಗಿಂಕ್ಗೊ ಅಲ್ಲ.

ಕೊನೆಗೆ, ರೋಲನ್ನು ಒಂದೆರಡು ಮೀಟರ್ ಬಿಚ್ಚಿಸಿ, ಗೋಡೆಗೆ ಹಿಡಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಕಣ್ಣು ಅರೆ ಮುಚ್ಚಿ ನೋಡಿ. ಓರೆ ಪಟ್ಟೆಗಳು ಎದ್ದು ಕಂಡರೆ ಬಿಟ್ಟುಬಿಡಿ. ಹತ್ತಿರದಿಂದ ಕಾಣದ ಆ ಪಟ್ಟೆ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಹೋಗುವುದಿಲ್ಲ.

ಪ್ರಶ್ನೆ: ಇದನ್ನು ಗಿಂಕ್ಗೊ ಅನ್ನಬೇಕಾ, ಗಿಂಕೊ ಅನ್ನಬೇಕಾ? ಇದು ಯಾವ ಜಾತಿಯ ಮರ? ನಾನು ಪಿಯುಸಿ ವಿದ್ಯಾರ್ಥಿ, ನನ್ನ ರೂಮಿನಲ್ಲಿ ಇದರ ಪೋಸ್ಟರ್ ಇದೆ.

ಉತ್ತರ: ಬರೆಯುವುದು ಗಿಂಕ್ಗೊ, ಹೇಳುವಾಗ ಹೆಚ್ಚಿನವರು ಗಿಂಕೊ ಅನ್ನುತ್ತಾರೆ. ಈ ತೊಡಕಿಗೆ ಮೂಲ ಎಂಗೆಲ್ಬರ್ಟ್ ಕೆಂಪ್ಫರ್ ಎಂಬ ಜರ್ಮನ್ ವೈದ್ಯ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ 1690ರಲ್ಲಿ ಜಪಾನಿಗೆ ಹೋಗಿದ್ದರು. ಅಲ್ಲಿ ಈ ಮರ ನೋಡಿ, 1712ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು. 'ಗಿಂಕ್ಯೊ' ಎಂದಿರಬೇಕಾದದ್ದು ಅಲ್ಲಿ 'ಗಿಂಕ್ಗೊ' ಎಂದಾಯಿತು ಎನ್ನುತ್ತಾರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1771ರಲ್ಲಿ ಅದೇ ಕಾಗುಣಿತ ಉಳಿಸಿಕೊಂಡು ಗಿಂಕ್ಗೊ ಬೈಲೋಬ ಎಂದು ಹೆಸರಿಟ್ಟರು. ಬೈಲೋಬ ಅಂದರೆ ಎರಡು ಹಾಲೆಗಳುಳ್ಳದ್ದು, ಎಲೆಯ ನಡುವಿನ ಸೀಳಿನಿಂದ ಬಂದ ಹೆಸರು. ಚೀನೀ ಭಾಷೆಯಲ್ಲಿ ಇದರ ಹಳೆಯ ಹೆಸರೊಂದಕ್ಕೆ 'ಬಾತುಕೋಳಿಯ ಪಾದ' ಎಂಬ ಅರ್ಥವಿದೆ. ನಿಮ್ಮ ಪೋಸ್ಟರನ್ನು ತಲೆಕೆಳಗು ಮಾಡಿ ನೋಡಿ, ಎಷ್ಟು ಸರಿಯಾಗಿ ಹೇಳಿದ್ದಾರೆ ಅನ್ನಿಸುತ್ತದೆ!

ಜಾತಿ ಕೇಳಿದಿರಿ. ಇದಕ್ಕೆ ಹತ್ತಿರದ ನೆಂಟರು ಯಾರೂ ಉಳಿದಿಲ್ಲ. ಇದರ ಇಡೀ ಬಳಗದಲ್ಲಿ ಇವತ್ತು ಬದುಕಿರುವುದು ಇದೊಂದೇ ಜಾತಿ. ಇದರಂಥ ಎಲೆಗಳ ಪಳೆಯುಳಿಕೆಗಳು ಡೈನೊಸಾರ್‌ಗಳು ಓಡಾಡುತ್ತಿದ್ದ ಜುರಾಸಿಕ್ ಕಾಲದ ಕಲ್ಲುಗಳಲ್ಲೂ ಸಿಕ್ಕಿವೆ. ಅಗಲವಾದ ಎಲೆ ನೋಡಿ ಹೂ ಬಿಡುವ ಮರ ಅಂದುಕೊಳ್ಳಬೇಡಿ, ಇದು ಹೂ ಬಿಡುವುದಿಲ್ಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪೋಸ್ಟರ್ ಪಕ್ಕದಲ್ಲಿ ಒಂದು ಎಲೆ ಪಳೆಯುಳಿಕೆಯ ಚಿತ್ರವನ್ನೂ ಹಾಕಿ. ಎರಡನ್ನೂ ಒಟ್ಟಿಗೆ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಅಕ್ಕಾ, ಜಪಾನಿನಲ್ಲಿರುವ ನನ್ನ ಮಗಳು ಹತ್ತು ಗಿಂಕ್ಗೊ ಎಲೆಗಳನ್ನು ಕವರಿನಲ್ಲಿ ಹಾಕಿ ಕಳಿಸಿದ್ದಾಳೆ. ಬರುವಷ್ಟರಲ್ಲಿ ಒಣಗಿ ಮುದುರಿಕೊಂಡಿವೆ. ಎರಡು ಮುರಿದೇ ಹೋದವು. ಉಳಿದವನ್ನು ಸರಿ ಮಾಡಿ ಫ್ರೇಮ್ ಹಾಕಿಸಬಹುದಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನ ಅಕ್ಕ ನೆನಪಾದಳು. ಅವಳು ಟೋಕಿಯೊದಲ್ಲಿ ಓದುತ್ತಿದ್ದಾಗ, 1998ರಲ್ಲಿ, ಪತ್ರದ ಮಡಿಕೆಯೊಳಗೆ ಐದು ಎಲೆ ಇಟ್ಟು ಕಳಿಸಿದ್ದಳು. ನಾನು ಮೊದಲ ಸಲ ಗಿಂಕ್ಗೊ ಮುಟ್ಟಿದ್ದು ಹಾಗೆ. ಆ ಐದರಲ್ಲಿ ಈಗ ಉಳಿದಿರುವುದು ಮೂರು. ಎರಡು ಹೇಗೆ ಹೋದವು ಎಂದು ಹೇಳುತ್ತೇನೆ. ನಿಮ್ಮವು ಹಾಗಾಗಬಾರದು.

ಮೊದಲಿಗೆ, ಒಣಗಿದ ಎಲೆಯನ್ನು ಕೈಯಿಂದ ಬಿಡಿಸಲು ಹೋಗಬೇಡಿ. ಗಾಳಿಯಾಡದ ಮುಚ್ಚಳವಿರುವ ಒಂದು ಡಬ್ಬಿ ತೆಗೆದುಕೊಳ್ಳಿ. ತಳದಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿ. ಅದರ ಮೇಲೆ ಒಂದು ತಟ್ಟೆಯನ್ನು ಬೋರಲು ಹಾಕಿ, ತಟ್ಟೆಯ ಮೇಲೆ ಎಲೆಗಳನ್ನು ಇಡಿ. ನೀರು ಎಲೆಗೆ ತಾಗಬಾರದು, ತೇವದ ಗಾಳಿ ಮಾತ್ರ ತಾಗಬೇಕು. ಮುಚ್ಚಳ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲೆ ಬಟ್ಟೆಯ ಹಾಗೆ ಮೆತ್ತಗಾಗಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಬೂಸ್ಟು ಹಿಡಿಯುತ್ತದೆ.

ಮೆತ್ತಗಾದ ಎಲೆಯನ್ನು ಎರಡು ಬಿಳಿ ಹಾಳೆಗಳ ನಡುವೆ ಹರಡಿ. ತೊಟ್ಟನ್ನು ಹೇಗೆ ಬಾಗಿಸಬೇಕೆಂದಿದ್ದೀರೋ ಈಗಲೇ ಬಾಗಿಸಿ, ಆಮೇಲೆ ಆಗುವುದಿಲ್ಲ. ಆ ಹಾಳೆಗಳ ಮೇಲೂ ಕೆಳಗೂ ನ್ಯೂಸ್‌ಪೇಪರಿನ ದಪ್ಪ ಪದರ ಇಟ್ಟು, ಮೇಲೊಂದು ಹಲಗೆ, ಹಲಗೆ ಮೇಲೆ ಭಾರದ ಪುಸ್ತಕಗಳು. ಮೊದಲ ಮೂರು ದಿನ ದಿನಕ್ಕೊಮ್ಮೆ ನ್ಯೂಸ್‌ಪೇಪರ್ ಬದಲಿಸಿ. ಆಮೇಲೆ ಎರಡು ವಾರ ಮುಟ್ಟಬೇಡಿ. ಒಣಗಿದೆಯೋ ಇಲ್ಲವೋ ನೋಡಲು ಎಲೆಯನ್ನು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ.

ಇಲ್ಲೇ ನನ್ನ ಮೊದಲ ಎಲೆ ಹಾಳಾಗಿದ್ದು. ಇನ್ನೂ ಪೂರ್ತಿ ಒಣಗಿರಲಿಲ್ಲ. ಆತುರದಲ್ಲಿ ಅಂಗಡಿಗೆ ಕೊಟ್ಟೆ. ಅವರು ಗಾಜಿಗೆ ಎಲೆಯನ್ನು ಅಂಟಿದ ಹಾಗೆ ಒತ್ತಿ ಫ್ರೇಮ್ ಹಾಕಿಬಿಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಯ ಮೇಲೆಲ್ಲ ಕಪ್ಪು ಚುಕ್ಕೆ. ಗಾಜಿಗೂ ಎಲೆಗೂ ನಡುವೆ ಒಂದಿಷ್ಟು ಜಾಗ ಇರಲೇಬೇಕು. ದಪ್ಪ ಮೌಂಟ್ ಬೋರ್ಡಿನಲ್ಲಿ ಕಿಟಕಿಯಂತೆ ಕತ್ತರಿಸಿ ನಡುವೆ ಇಟ್ಟರೆ ಆ ಜಾಗ ತಾನಾಗಿ ಸಿಗುತ್ತದೆ. ಬೋರ್ಡು ಆಸಿಡ್ ಇಲ್ಲದ್ದೇ ಬೇಕೆಂದು ಕೇಳಿ ತಗೊಳ್ಳಿ. ಇಲ್ಲದಿದ್ದರೆ ವರ್ಷಗಳು ಕಳೆದಂತೆ ಬೋರ್ಡು ತಾನೂ ಕಂದಿ ಎಲೆಯನ್ನೂ ಕಂದಿಸುತ್ತದೆ. ಎಲೆಯ ಹಿಂಬದಿಗೆಲ್ಲ ಗೋಂದು ಬಳಿಯಬೇಡಿ. ಎರಡು ಚುಕ್ಕೆ ಗೋಂದು ಸಾಕು. ತೊಟ್ಟಿನ ಮೇಲೆ ತೆಳು ಕಾಗದದ ಸಣ್ಣ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೆಯದು.

ಎರಡನೆಯ ಎಲೆ ಬಿಸಿಲಿಗೆ ಹೋಯಿತು. ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದೆ. ಬೆಳಗಿನ ಬಿಸಿಲು ಅದರ ಮೇಲೆ ಬೀಳುವುದು ನೋಡಲು ಬಹಳ ಚೆಂದವಿತ್ತು. ಒಂದೇ ಬೇಸಿಗೆಯಲ್ಲಿ ಹಳದಿ ಹೋಗಿ ಹಳೇ ಪೇಪರಿನ ಬಣ್ಣ ಬಂತು. ಈಗ ಫ್ರೇಮಿನಲ್ಲಿ ಉಳಿದಿರುವ ಎಲೆ ಇರುವುದು ನೇರ ಬಿಸಿಲು ಬೀಳದ ಮೂಲೆಯಲ್ಲಿ. ಇಷ್ಟು ವರ್ಷವಾದರೂ ಬಣ್ಣ ಸ್ವಲ್ಪ ಗಾಢವಾಗಿದೆ ಅಷ್ಟೇ, ಹೋಗಿಲ್ಲ. ಉಳಿದೆರಡು ಎಲೆಗಳು ಪುಸ್ತಕದೊಳಗೇ ಇವೆ. ಚೀನಾ ಮತ್ತು ಜಪಾನಿನಲ್ಲಿ ಪುಸ್ತಕದ ಹುಳು ಬಾರದಿರಲಿ ಎಂದು ಹಾಳೆಗಳ ನಡುವೆ ಗಿಂಕ್ಗೊ ಎಲೆ ಇಡುವುದು ಹಳೆಯ ರೂಢಿ.

ಮುರಿದ ಎರಡು ಎಲೆಗಳನ್ನು ಎಸೆಯಬೇಡಿ. ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಎಲೆಗಳನ್ನು ದೀಪದ ಶೇಡಿನಲ್ಲಿ ಬಳಸಬಹುದೇ?

ಉತ್ತರ: ಖಂಡಿತ. ಗಿಂಕ್ಗೊ ಎಲೆಯನ್ನು ನೋಡಬೇಕಾದ್ದೇ ಹಿಂದಿನಿಂದ ಬೆಳಕು ಬಿಟ್ಟು. ಆಗಲೇ ಆ ಕವಲು ನರಗಳೆಲ್ಲ ಎದ್ದು ಬರುವುದು. ಅಕ್ಕಿ ಹಿಟ್ಟಿನ ತೆಳು ಅಂಟಿನಿಂದ ಎರಡು ಪದರ ಕೈಕಾಗದದ ನಡುವೆ ಎಲೆಗಳನ್ನು ಕೂರಿಸಿ, ಒಣಗಿದ ಮೇಲೆ ಶೇಡಿನ ಕಂಬಿಗೆ ಸುತ್ತಿ. ಕಾಗದ ತೆಳ್ಳಗಿರಲಿ, ಬಿಳಿ ಇರಲಿ. ಮುರಿದ ತುಂಡುಗಳೂ ಇಲ್ಲಿ ಚೆನ್ನಾಗಿ ಕಾಣುತ್ತವೆ, ಬರೀ ತೊಟ್ಟು ಕೂಡ. ಬಲ್ಬು ಎಲ್‌ಇಡಿಯೇ ಆಗಿರಬೇಕು. ಬಿಸಿಯಾಗುವ ಹಳೆಯ ಬಲ್ಬು ಹಾಕಿದರೆ ಕಾಗದಕ್ಕೆ ಬೆಂಕಿ ಹತ್ತುವ ಭಯವಿದೆ. ಬೆಳಕು ಬೆಚ್ಚಗಿನ ಹಳದಿಯಾಗಿರಲಿ. ಬಿಳಿ ಬೆಳಕಿನಲ್ಲಿ ಎಲೆ ಸಪ್ಪೆಯಾಗುತ್ತದೆ.

ಪ್ರಶ್ನೆ: ಬೆಡ್‌ರೂಮಿನಲ್ಲಿ ಗಿಂಕ್ಗೊ ಬೋನ್ಸಾಯ್ ಇಡಬೇಕೆಂದು ಆಸೆ. ಎಸಿ ಇರುವ ರೂಮು. ಬದುಕುತ್ತದಾ?

ಉತ್ತರ: ಬದುಕುವುದಿಲ್ಲ. ಇದನ್ನು ಹೇಳಲು ನನಗೆ ಬೇಜಾರು, ಆದರೆ ಗಿಡದ ಪರವಾಗಿ ಹೇಳಲೇಬೇಕು. ಬೋನ್ಸಾಯ್ ಅಂದರೆ ಮನೆಯೊಳಗಿನ ಗಿಡ ಎಂದು ಬಹಳ ಜನ ತಿಳಿದಿದ್ದಾರೆ. ಗಿಂಕ್ಗೊ ಎಷ್ಟು ಗಿಡ್ಡವಾಗಿದ್ದರೂ ಹೊರಗಿನ ಮರವೇ. ಬಿಸಿಲು ಬೇಕು, ಗಾಳಿ ಬೇಕು. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ತಣ್ಣಗೆ ನಿದ್ದೆ ಮಾಡಬೇಕು. ಎಸಿ ರೂಮಿನ ತಂಪು ಆ ಚಳಿಗೆ ಸಮವಲ್ಲ. ಅಂಥ ಚಳಿ ಬೀಳುವ ಊರಿನಲ್ಲಿದ್ದು, ತೆರೆದ ಅಂಗಳವೋ ಬಾಲ್ಕನಿಯೋ ಇದ್ದರೆ ಸಾಕಿ. ಎಲೆ ಹಳದಿಯಾದಾಗ ಒಂದು ದಿನದ ಮಟ್ಟಿಗೆ ಒಳಗೆ ತಂದಿಟ್ಟು, ಕಣ್ತುಂಬ ನೋಡಿ, ಮತ್ತೆ ಹೊರಗಿಡಿ.

ರೂಮಿನೊಳಗೇ ಬೇಕು ಅನ್ನುವವರಿಗೆ ನನ್ನದೊಂದು ಸಲಹೆ ಇದೆ. ಮೇಡನ್‌ಹೇರ್ ಎಂಬ ಜರೀಗಿಡ ತನ್ನಿ. ಇಂಗ್ಲಿಷಿನಲ್ಲಿ ಗಿಂಕ್ಗೊಗೆ ಇರುವ ಇನ್ನೊಂದು ಹೆಸರೇ ಮೇಡನ್‌ಹೇರ್ ಮರ. ಈ ಜರೀಗಿಡದ ಪುಟಾಣಿ ಎಲೆಗಳು ಗಿಂಕ್ಗೊ ಎಲೆಯನ್ನೇ ಉಗುರಿನಷ್ಟು ಚಿಕ್ಕದು ಮಾಡಿದಂತೆ ಇರುತ್ತವೆ. ಕಪ್ಪು ಮಿಂಚುವ ದಂಟು, ತಿಳಿ ಹಸಿರು ಬೀಸಣಿಗೆಗಳು. ನೇರ ಬಿಸಿಲು ಬೇಡ, ಬೆಳಕು ಬೇಕು. ಮಣ್ಣು ಒಮ್ಮೆ ಪೂರ್ತಿ ಒಣಗಿದರೂ ಗಿಡ ಮುದುಡಿಹೋಗುತ್ತದೆ. ಎಸಿಯ ಒಣಗಾಳಿ ಇದಕ್ಕೂ ಆಗದು. ನನ್ನದು ಬಚ್ಚಲುಮನೆಯ ಕಿಟಕಿ ಕಟ್ಟೆಯ ಮೇಲೆ ಸುಖವಾಗಿದೆ.

ಪ್ರಶ್ನೆ: ಗಿಂಕ್ಗೊ ಹಣ್ಣುಗಳು ಫೋಟೊದಲ್ಲಿ ಮುದ್ದಾಗಿ ಕಾಣುತ್ತವೆ. ಊಟದ ಮೇಜಿನ ಮೇಲೆ ಬಟ್ಟಲಿನಲ್ಲಿ ಇಟ್ಟರೆ ಹೇಗಿರುತ್ತದೆ?

ಉತ್ತರ: ದಯವಿಟ್ಟು ಬೇಡ. ಬೀಜದ ಸುತ್ತ ಇರುವ ಆ ತಿರುಳು ಕೊಳೆತ ಬೆಣ್ಣೆಯ ಹಾಗೆ ನಾರುತ್ತದೆ. ಮುಟ್ಟಿದರೆ ಕೆಲವರಿಗೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ಬೀದಿಬದಿಯಲ್ಲಿ ಗಂಡು ಮರಗಳನ್ನೇ ನೆಡಲು ನೋಡುವುದು ಈ ವಾಸನೆಯ ಕಾರಣಕ್ಕೇ. ತಿರುಳು ತೆಗೆದು ತೊಳೆದು ಒಣಗಿಸಿದ ಬಿಳಿ ಬೀಜಗಳನ್ನು ಇಡಬಹುದು, ಅವು ಅಂದವಾಗಿಯೂ ಇರುತ್ತವೆ. ಆದರೆ ಚಿಕ್ಕ ಮಕ್ಕಳಿರುವ ಮನೆಯಾದರೆ ಅದೂ ಬೇಡ. ಹಸಿಯಾಗಿ ತಿಂದರೆ ವಿಷವಾಗುತ್ತದೆ.

ಪ್ರಶ್ನೆ: ನಮ್ಮ ಸೋಫಾ ಬೂದು ಬಣ್ಣದ್ದು. ರೂಮಿಗೆ ಬೆಳಕೂ ಕಡಿಮೆ. ಗಿಂಕ್ಗೊ ಅಂದರೆ ಹಳದಿಯೇ ಆಗಬೇಕಾ? ಹಳದಿ ದಿಂಬು ತಂದರೆ ಕಣ್ಣಿಗೆ ಹೊಡೆಯುತ್ತದೆ ಎಂಬ ಭಯ.

ಉತ್ತರ: ನಿಮ್ಮ ಬೂದು ಸೋಫಾ ಹಳದಿಗೆ ಹೇಳಿ ಮಾಡಿಸಿದ ಜೋಡಿ. ಮರದಲ್ಲೂ ಹಾಗೇ ಅಲ್ವಾ, ಬೂದು ತೊಗಟೆ, ಹಳದಿ ಎಲೆ. ಆದರೆ ಯಾವ ಹಳದಿ ಎಂಬುದು ಮುಖ್ಯ. ನಿಂಬೆಹಣ್ಣಿನ ಹಳದಿ ತಂದರೆ ನಿಮ್ಮ ಭಯ ನಿಜವಾಗುತ್ತದೆ. ಸಾಸಿವೆಯ ಕಡೆಗೆ ವಾಲಿದ, ಬೆಣ್ಣೆ ಕಾಯಿಸುವಾಗ ಬರುವಂಥ ಹಳದಿ ನೋಡಿ. ಐದು ದಿಂಬುಗಳಿದ್ದರೆ ಎರಡು ಮಾತ್ರ ಹಳದಿ ಇರಲಿ.

ಹಳದಿಯೇ ಆಗಬೇಕೆಂದೂ ಇಲ್ಲ. ವಸಂತದಲ್ಲಿ ಚಿಗುರು ತಿಳಿ ಹಸಿರು, ಬೇಸಿಗೆಯಲ್ಲಿ ಗಾಢ ಹಸಿರು. ಶರತ್ಕಾಲದಲ್ಲಿ ಅಂಚಿನಿಂದ ಹಳದಿ ಶುರುವಾಗಿ ಬುಡದಲ್ಲಿ ಹಸಿರು ಉಳಿದಿರುವ ಕೆಲವು ದಿನಗಳಿರುತ್ತವೆ. ನನಗೆ ಅತಿ ಇಷ್ಟವಾದದ್ದು ಆ ಎರಡು ಬಣ್ಣದ ಎಲೆ. ಹಾಗೆ ನೇಯ್ದ ಅಥವಾ ಅಚ್ಚು ಹಾಕಿದ ಬಟ್ಟೆ ಅಪರೂಪ. ಸಿಕ್ಕಿದರೆ ಬಿಡಬೇಡಿ.

ನಿಮ್ಮ ರೂಮಿಗೆ ನಾನಾದರೆ ಪರದೆಯಿಂದ ಶುರು ಮಾಡುತ್ತೇನೆ. ಈ ಮರಕ್ಕೊಂದು ವಿಶೇಷ ಗುಣವಿದೆ. ಬೇರೆ ಮರಗಳಂತೆ ವಾರಗಟ್ಟಲೆ ಒಂದೊಂದಾಗಿ ಎಲೆ ಉದುರಿಸುತ್ತಾ ಕೂರುವುದಿಲ್ಲ. ಒಂದು ರಾತ್ರಿ ಜೋರು ಮಂಜು ಬಿದ್ದರೆ, ಮರುದಿನ ಹೆಚ್ಚೂಕಡಿಮೆ ಎಲ್ಲ ಎಲೆಗಳೂ ಮಳೆಯ ಹಾಗೆ ಸುರಿದುಬಿಡುತ್ತವೆ. ಟೋಕಿಯೊದ ಮೇಜಿ ಜಿಂಗು ಗೈಎನ್ ಎಂಬಲ್ಲಿ ಸುಮಾರು 300 ಮೀಟರ್ ಉದ್ದದ ಗಿಂಕ್ಗೊ ಸಾಲುಮರದ ದಾರಿ ಇದೆ. ಆ ಹೊತ್ತಿನಲ್ಲಿ ಮೇಲೂ ಹಳದಿ, ಕೆಳಗೂ ಹಳದಿ. ಅಕ್ಕ ತನ್ನ ಪತ್ರದಲ್ಲಿ 'ನೆಲದಿಂದ ಬೆಳಕು ಬರುತ್ತದೆ ಕಣೇ' ಎಂದು ಬರೆದಿದ್ದಳು. ಬಟ್ಟೆಯ ಮೇಲೆ ಅದನ್ನು ತರಬಹುದು. ಪರದೆಯ ಮೇಲ್ಭಾಗ ಖಾಲಿ. ನಡುವೆ ಅಲ್ಲೊಂದು ಇಲ್ಲೊಂದು ಬೀಳುತ್ತಿರುವ ಎಲೆ. ಕೆಳ ಅಂಚಿಗೆ ಬಂದ ಹಾಗೆ ಒತ್ತೊತ್ತಾಗಿ ಒಂದರ ಮೇಲೊಂದು. ಬೆಳಕು ಕಡಿಮೆ ಇರುವ ರೂಮಿಗೆ ಕೆಳಗಿನ ಆ ಹಳದಿ ಬಹಳ ಸಹಾಯ ಮಾಡುತ್ತದೆ. ಮಂಚದ ಹೊದಿಕೆಗೂ ಇದೇ ಲೆಕ್ಕ, ಕಾಲಬದಿಯಲ್ಲಿ ಎಲೆರಾಶಿ, ತಲೆಬದಿ ಖಾಲಿ.

ಪ್ರಶ್ನೆ: ಹಿತ್ತಾಳೆಯ ಗಿಂಕ್ಗೊ ಎಲೆಗಳ ವಾಲ್ ಹ್ಯಾಂಗಿಂಗ್ ಕಪ್ಪಾಗುತ್ತಿದೆ. ಹುಳಿ ಹಾಕಿ ತಿಕ್ಕಲೇ?

ಉತ್ತರ: ತಡೆಯಿರಿ. ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಕಬ್ಬಿಣಕ್ಕೆ ಲೇಪ ಕೊಟ್ಟದ್ದು. ತಿಕ್ಕಿದರೆ ಲೇಪ ಹೋಗಿ ತುಕ್ಕು ಬರುತ್ತದೆ, ಒಣಬಟ್ಟೆಯಲ್ಲಿ ಒರೆಸಿ ಸಾಕು. ಅಂಟದಿದ್ದರೆ ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ಹುಳಿ ಹಚ್ಚಿ ನೋಡಿ. ಹೊಳಪು ಬಂದರೆ ಮುಂದುವರಿಸಿ. ಏನೂ ಆಗದಿದ್ದರೆ ಮೇಲೆ ಲ್ಯಾಕರ್ ಪದರ ಇದೆ ಎಂದರ್ಥ. ಎಲೆಯ ಗೀರುಗಳ ಒಳಗೆ ಉಳಿದ ಕಪ್ಪನ್ನು ತೆಗೆಯಬೇಡಿ. ನರಗಳು ಕಾಣುವುದೇ ಆ ಕಪ್ಪಿನಿಂದ.

ಪ್ರಶ್ನೆ: ನಮ್ಮ ಬಡಗಿ ಊಟದ ಮೇಜಿನ ಕುರ್ಚಿಗಳ ಬೆನ್ನಿಗೆ ಏನಾದರೂ ಡಿಸೈನ್ ಕೊಡಿ ಅನ್ನುತ್ತಿದ್ದಾರೆ. ಗಿಂಕ್ಗೊ ಎಲೆ ಹೊಂದುತ್ತದೆಯೇ?

ಉತ್ತರ: ಬಹಳ ಚೆನ್ನಾಗಿ ಹೊಂದುತ್ತದೆ. ಕೆಳಗೆ ಕಿರಿದು, ಮೇಲೆ ಅಗಲ. ಬೆನ್ನಿಗೆ ಬೇಕಾದದ್ದೂ ಅದೇ ಆಕಾರ. ಫ್ರಾನ್ಸಿನ ಶಿಲ್ಪಿ ಕ್ಲೋಡ್ ಲಲಾನ್ ಅವರು ಗಿಂಕ್ಗೊ ಎಲೆಯನ್ನೇ ದೊಡ್ಡದು ಮಾಡಿ ಲೋಹದ ಕುರ್ಚಿ, ಬೆಂಚುಗಳನ್ನು ಮಾಡಿದ್ದರು. 2019ರಲ್ಲಿ ಅವರು ತೀರಿಕೊಂಡರು. ಅವರ ಕುರ್ಚಿಯಲ್ಲಿ ಎಲೆಯೇ ಬೆನ್ನು, ಎಲೆಯೇ ಕೂರುವ ಜಾಗ. ಫೋಟೊ ಹುಡುಕಿ ನಿಮ್ಮ ಬಡಗಿಗೆ ತೋರಿಸಿ.

ಆದರೆ ಲೋಹದಲ್ಲಿ ಆಗುವುದೆಲ್ಲ ಮರದಲ್ಲಿ ಆಗುವುದಿಲ್ಲ. ತೆಳ್ಳನೆಯ ತೊಟ್ಟನ್ನು ಮರದಲ್ಲಿ ಬಿಡಿಯಾಗಿ ಕೆತ್ತಿದರೆ ಒಂದು ದಿನ ಮುರಿಯುತ್ತದೆ. ಹಲಗೆಯ ಮೇಲೆಯೇ ಉಬ್ಬುಕೆತ್ತನೆ ಮಾಡಿಸಿ. ನರಗಳನ್ನು ಆಳವಾಗಿ ಕೊರೆಯುವುದು ಬೇಡ, ಧೂಳು ಕೂರುತ್ತದೆ, ಬೆನ್ನಿಗೂ ಚುಚ್ಚುತ್ತದೆ. ನಡುವಿನ ಸೀಳನ್ನು ಮಾತ್ರ ಪೂರ್ತಿ ತೆರೆದು ಬಿಡಿಸಿ. ಕುರ್ಚಿ ಎಳೆಯುವಾಗ ಕೈ ಹಿಡಿಯಲು ಅದೇ ಜಾಗವಾಗುತ್ತದೆ. ಆರು ಕುರ್ಚಿಗಳಿದ್ದರೆ ಆರೂ ಎಲೆಗಳ ಅಂಚು ಸ್ವಲ್ಪ ಸ್ವಲ್ಪ ಬೇರೆ ಇರಲಿ. ಅಂದ ಹಾಗೆ, ಗಿಂಕ್ಗೊ ಮರದಿಂದಲೂ ಮನೆಸಾಮಾನು ಮಾಡುತ್ತಾರೆ. ಜಪಾನಿನಲ್ಲಿ ತರಕಾರಿ ಹೆಚ್ಚುವ ಮಣೆಗೆ, ಗೋ ಎಂಬ ಆಟದ ಹಲಗೆಗೆ ಇದು ಹೆಸರಾದ ಮರ.

ಪ್ರಶ್ನೆ: ನಮ್ಮಲ್ಲಿ ನಿಜವಾದ ಎಲೆ ಸಿಗುವುದಿಲ್ಲ. ಮಕ್ಕಳ ಜೊತೆ ರಜೆಯಲ್ಲಿ ಏನಾದರೂ ಮಾಡಬಹುದಾ?

ಉತ್ತರ: ಎಲೆಯ ಚಿತ್ರ ಬರೆಯುವುದನ್ನು ಕಲಿಸಿ. ಒಣಗಿದ ಕುಂಚದ ತುದಿಗೆ ಸ್ವಲ್ಪವೇ ಬಣ್ಣ ತಾಗಿಸಿ, ತೊಟ್ಟಿನ ಬಿಂದುವಿನಿಂದ ಹೊರಕ್ಕೆ, ಮತ್ತೆ ಅದೇ ಬಿಂದುವಿನಿಂದ ಹೊರಕ್ಕೆ, ಬೀಸಣಿಗೆ ತುಂಬುವ ತನಕ ಎಳೆಯಿರಿ. ಕುಂಚದ ಕೂದಲುಗಳು ಬಿಟ್ಟ ಗೆರೆಗಳೇ ನರಗಳಾಗುತ್ತವೆ. ಅಂಚಿನ ಹೊರಗೆರೆ ಬೇಡವೇ ಬೇಡ. ಐದು ವರ್ಷದ ಮಗುವೂ ಹತ್ತು ನಿಮಿಷದಲ್ಲಿ ಕಲಿಯುತ್ತದೆ. ಹಾಳೆಗಳು ತುಂಬಿದ ಮೇಲೆ ಚೆನ್ನಾಗಿ ಬಂದವನ್ನು ಕತ್ತರಿಸಿ, ದಾರಕ್ಕೆ ಕಟ್ಟಿ ಕಿಟಕಿಗೆ ತೂಗುಹಾಕಿ.

ಸ್ವಲ್ಪ ದೊಡ್ಡ ಮಕ್ಕಳಾದರೆ ಸೈನೊಟೈಪ್ ಮಾಡಿಸಿ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ನೀಲಿ ಅಚ್ಚಿನ ವಿಧಾನ ಇದು. ತಯಾರಾದ ಕಾಗದವೇ ಸಿಗುತ್ತದೆ. ದಪ್ಪ ಕಾಗದದಲ್ಲಿ ಎಲೆಯ ಆಕಾರ ಕತ್ತರಿಸಿ ಅದರ ಮೇಲಿಟ್ಟು, ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಗಾಢ ನೀಲಿಯಲ್ಲಿ ಬಿಳಿ ಗಿಂಕ್ಗೊ. ಹಳದಿ ಒಗ್ಗದ ಮನೆಗಳಿಗೆ ಇದಕ್ಕಿಂತ ಚೆಂದದ ಗೋಡೆಚಿತ್ರ ನನಗೆ ಗೊತ್ತಿಲ್ಲ.

ಪ್ರಶ್ನೆ: ನನ್ನ ಆಪ್ತ ಗೆಳತಿ ದೊಡ್ಡ ಕಾಯಿಲೆಯಿಂದ ಎದ್ದು ಮನೆಗೆ ಬಂದಿದ್ದಾಳೆ. ಅವಳಿಗೆ ಗಿಂಕ್ಗೊ ಎಲೆಯ ಫ್ರೇಮ್ ಕೊಡಬೇಕೆಂದಿದ್ದೇನೆ. ಉದುರಿದ ಎಲೆಯನ್ನು ಕೊಡುವುದು ಸರಿಯಾ ಎಂದು ಅನುಮಾನ. ಕೊಟ್ಟರೆ ಒಂದು ಎಲೆಯೋ ಎರಡೋ?

ಉತ್ತರ: ಧಾರಾಳವಾಗಿ ಕೊಡಿ. ಉದುರಿದ ಎಲೆ ಎಂದು ಹಿಂಜರಿಯಬೇಡಿ, ಅದು ಯಾವ ಮರದ್ದು ಎಂಬುದನ್ನು ನೋಡಿ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಬಿತ್ತು. ಸ್ಫೋಟವಾದ ಜಾಗದಿಂದ ಒಂದು ಕಿಲೋಮೀಟರಿಗಿಂತ ಸ್ವಲ್ಪ ದೂರದಲ್ಲಿ ಹೊಸೆನ್‌ಬೊ ಎಂಬ ಬೌದ್ಧ ಮಂದಿರವಿತ್ತು. ಮಂದಿರ ನೆಲಸಮವಾಯಿತು. ಅಂಗಳದ ಗಿಂಕ್ಗೊ ಸುಟ್ಟಿತು, ಆದರೆ ಸಾಯಲಿಲ್ಲ, ಮತ್ತೆ ಚಿಗುರಿತು. ಮುಂದೆ ಮಂದಿರವನ್ನು ಹೊಸದಾಗಿ ಕಟ್ಟುವಾಗ ಮರವನ್ನು ಕಡಿಯಲಿಲ್ಲ, ಮೆಟ್ಟಿಲುಗಳೇ ಮರವನ್ನು ಬಳಸಿಕೊಂಡು ಹೋಗುವಂತೆ ಕಟ್ಟಿದರು. ಆ ಮರ ಈಗಲೂ ಇದೆ. ನಿಮ್ಮ ಗೆಳತಿಗೆ ಫ್ರೇಮ್ ಕೊಡುವಾಗ ಈ ಕತೆಯನ್ನೂ ಹೇಳಿ. ಬರೆದು ಕೊಡಬೇಡಿ, ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳಿ.

ಒಂದೋ ಎರಡೋ ಎಂದರೆ ನಾನು ಎರಡು ಅನ್ನುತ್ತೇನೆ. ಜರ್ಮನ್ ಕವಿ ಗಯಟೆ 1815ರಲ್ಲಿ ತಾನು ಪ್ರೀತಿಸಿದವಳಿಗಾಗಿ ಈ ಎಲೆಯ ಮೇಲೆ ಒಂದು ಕವಿತೆ ಬರೆದ. ಇದು ಒಂದೇ ಇದ್ದು ಎರಡಾಗಿ ಸೀಳಿದ್ದೋ, ಎರಡಿದ್ದು ಒಂದಾಗಿ ಕೂಡಿದ್ದೋ ಎಂಬುದು ಅದರಲ್ಲಿ ಅವನು ಕೇಳುವ ಪ್ರಶ್ನೆ. ಕವಿತೆಯ ಕೆಳಗೆ ಎರಡು ಗಿಂಕ್ಗೊ ಎಲೆಗಳನ್ನು ಅಂಟಿಸಿದ, ತೊಟ್ಟುಗಳು ಒಂದರ ಮೇಲೊಂದು ಹಾಯುವಂತೆ. ನೀವೂ ಹಾಗೇ ಕೂರಿಸಿ. ಹಿನ್ನೆಲೆ ಬಿಳಿ ಬೇಡ, ದಂತದ ಬಣ್ಣ ಇರಲಿ. ಎಲೆಗಳ ಸುತ್ತ ಕೈಯಗಲ ಖಾಲಿ ಬಿಡಿ. ಫ್ರೇಮ್ ತೆಳ್ಳಗಿನ ಮರದ್ದು ಸಾಕು. ಅವಳು ಮಲಗಿದಲ್ಲಿಂದ ಕಾಣುವ ಎತ್ತರಕ್ಕೆ ನೀವೇ ಮೊಳೆ ಹೊಡೆದು ಹಾಕಿ ಬನ್ನಿ.

ಫ್ರೇಮಿನ ಹಿಂದೆ ಎಲೆ ಎಲ್ಲಿ, ಯಾವಾಗ ಸಿಕ್ಕಿತು ಎಂದು ಪೆನ್ಸಿಲಿನಲ್ಲಿ ಬರೆದಿಡಿ. ನನ್ನ ಫ್ರೇಮಿನ ಹಿಂದೆ ಅಕ್ಕನ ಪತ್ರದಿಂದ ಕತ್ತರಿಸಿದ ಒಂದು ಸಾಲು ಅಂಟಿಸಿದ್ದೇನೆ: 'ನವೆಂಬರ್ 27, ಬೆಳಿಗ್ಗೆ, ಕ್ಲಾಸಿಗೆ ಓಡುವಾಗ ತಲೆ ಮೇಲೆ ಬಿತ್ತು.'